ವರ್ಸೋವಾ–ಘಾಟ್ಕೋಪರ್ ಮೆಟ್ರೋ: ಮಕ್ಕಳಿಗೆ ತೋರಿಸಿ ವಿವರಿಸಬೇಕು, ಏನೇನು ಹೇಳಲಿ?

ಅಂಧೇರಿ_ತರಗತಿ:

ಎಲ್ಲರಿಗೂ ನಮಸ್ಕಾರ. ರವಿವಾರದ ಕನ್ನಡ ತರಗತಿಗೆ ಬರುವ ಎಂಟು, ಒಂಬತ್ತನೇ ಕ್ಲಾಸಿನ 20 ಮಕ್ಕಳನ್ನು ಮೆಟ್ರೋ ಒಂದನೇ ಮಾರ್ಗದಲ್ಲಿ ಕರೆದುಕೊಂಡು ಹೋಗಿ, ಆ ಮಾರ್ಗ ಹೇಗೆ ಬಂತು, ಹೇಗೆ ಕಟ್ಟಿದರು ಎಂದು ಕನ್ನಡದಲ್ಲೇ ವಿವರಿಸಬೇಕು. ಸಿಕ್ಕಿದ ಮಾಹಿತಿಯಲ್ಲಿ ಉದ್ಘಾಟನೆಯ ಫೋಟೋಗಳೇ ಜಾಸ್ತಿ, ಕೆಲಸದ ವಿವರ ಕಡಿಮೆ. ನನಗೆ ಬೇಕಾದದ್ದು ಇಷ್ಟು: ಬರೀ 11 ಕಿ.ಮೀ. ಮಾರ್ಗಕ್ಕೆ ಅಷ್ಟು ವರ್ಷ ಯಾಕೆ ಹಿಡಿಯಿತು? ರಸ್ತೆಯಲ್ಲಿ ವಾಹನ ಓಡುತ್ತಿರುವಾಗಲೇ ತಲೆಯ ಮೇಲೆ ಸೇತುವೆ ಕಟ್ಟುವುದು ಹೇಗೆ? ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹತ್ತಿರ ಮಾತ್ರ ಕೇಬಲ್ ಕಟ್ಟಿದ ಸೇತುವೆ ಯಾಕೆ? ಇದು ಮುಂಬೈಯ ಮೊದಲ ಎತ್ತರಿಸಿದ ರೈಲು ಮಾರ್ಗ ಎಂದು ಹೇಳಬಹುದೇ? ಬಲ್ಲವರು ದಯವಿಟ್ಟು ಬಿಡಿಸಿ ಬರೆಯಿರಿ.

ಹಳೇ_ಲೋಕಲ್:

ಇತಿಹಾಸದಿಂದ ಶುರು ಮಾಡುತ್ತೇನೆ, ಕಟ್ಟಡದ ಕೆಲಸ ಗೊತ್ತಿರುವವರು ಮುಂದುವರಿಸಲಿ.

ಮಕ್ಕಳಿಗೆ ಮೊದಲು ನಕಾಶೆ ತೋರಿಸಿ. ಮುಂಬೈಯ ಲೋಕಲ್ ಹಳಿಗಳೆಲ್ಲ ಬಹುಪಾಲು ಉತ್ತರ–ದಕ್ಷಿಣ. ಪಶ್ಚಿಮ ರೈಲ್ವೆಯ ಅಂಧೇರಿಗೂ ಮಧ್ಯ ರೈಲ್ವೆಯ ಘಾಟ್ಕೋಪರ್‌ಗೂ ನೇರ ಅಂತರ ಕಡಿಮೆ. ಆದರೂ ರೈಲಿನಲ್ಲಿ ಹೋಗಬೇಕೆಂದರೆ ದಾದರ್‌ವರೆಗೆ ಇಳಿದು, ಗಾಡಿ ಬದಲಿಸಿ, ಮತ್ತೆ ಮೇಲೆ ಬರಬೇಕಿತ್ತು. ಇಲ್ಲವಾದರೆ ಅಂಧೇರಿ–ಕುರ್ಲಾ ರಸ್ತೆಯಲ್ಲಿ 340ನೇ ನಂಬರಿನ ಬೆಸ್ಟ್ ಬಸ್ಸು. ಈ ಪೂರ್ವ–ಪಶ್ಚಿಮ ದಾರಿಯ ಕೊರತೆಯೇ ಮಾರ್ಗದ ಹುಟ್ಟಿಗೆ ಕಾರಣ. ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕಾಗಿ (ಎಂಎಂಆರ್‌ಡಿಎ) ದೆಹಲಿ ಮೆಟ್ರೋ ನಿಗಮ ತಯಾರಿಸಿದ 146.5 ಕಿ.ಮೀ. ಮಹಾಯೋಜನೆಯನ್ನು ರಾಜ್ಯ ಸರ್ಕಾರ 2004ರಲ್ಲಿ ಒಪ್ಪಿಕೊಂಡಿತು. ಅದರಲ್ಲಿ ಮೊದಲು ಕೈಗೆತ್ತಿಕೊಂಡದ್ದು ವರ್ಸೋವಾ–ಅಂಧೇರಿ–ಘಾಟ್ಕೋಪರ್: 11.4 ಕಿ.ಮೀ., 12 ನಿಲ್ದಾಣ, ಪೂರ್ತಿ ಎತ್ತರದಲ್ಲಿ.

2006ರ ಜೂನ್ 21ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ಕೆಲಸ ಶುರುವಾದದ್ದು 2008ರ ಫೆಬ್ರವರಿಯಲ್ಲಿ, ಪರೀಕ್ಷಾ ಓಟ 2013ರ ಮೇ 1ಕ್ಕೆ, ಜನರಿಗೆ ಬಾಗಿಲು ತೆರೆದದ್ದು 2014ರ ಜೂನ್ 8ಕ್ಕೆ. ಪರೀಕ್ಷಾ ಓಟಕ್ಕೂ ಉದ್ಘಾಟನೆಗೂ ನಡುವೆ ವರ್ಷಕ್ಕಿಂತ ಹೆಚ್ಚು ಕಾಲ ಹೋಗಿದೆ, ಗಮನಿಸಿ. ಗಾಡಿ ಓಡಿತು ಎಂದಾಕ್ಷಣ ಜನರನ್ನು ಹತ್ತಿಸುವಂತಿಲ್ಲ. ಗಾಡಿ ಎಷ್ಟು ತೂಗಾಡುತ್ತದೆ, ಬ್ರೇಕ್ ಎಷ್ಟು ದೂರದಲ್ಲಿ ಹಿಡಿಯುತ್ತದೆ ಎಂಬ ಪರೀಕ್ಷೆಗಳು ಮುಗಿಯಬೇಕು. ಸಿಗ್ನಲ್ ವ್ಯವಸ್ಥೆಯನ್ನು ಸ್ವತಂತ್ರ ತಜ್ಞರು ಪರಿಶೀಲಿಸಬೇಕು. ಕೊನೆಗೆ ಮೆಟ್ರೋ ರೈಲು ಸುರಕ್ಷತಾ ಆಯುಕ್ತರು ಖುದ್ದಾಗಿ ನೋಡಿ ಪ್ರಮಾಣಪತ್ರ ಕೊಡಬೇಕು.

ತಡವಾದದ್ದು ಯಾಕೆ ಎಂದರೆ, ಕಂಬಗಳಿಗಿಂತ ಹೆಚ್ಚು ಕಾಲ ತಿಂದದ್ದು ಜಾಗ ಮತ್ತು ಅನುಮತಿ. ಇಕ್ಕಟ್ಟಾದ ಜೆ.ಪಿ. ರಸ್ತೆ, ಅಂಗಡಿ ಸಾಲು, ನಿಲ್ದಾಣದ ಮೆಟ್ಟಿಲಿಗೆ ಬೇಕಾದ ಚೂರು ಚೂರು ಜಾಗ, ಅಂಧೇರಿಯಲ್ಲಿ ಹಳಿಗಳ ಮೇಲೆ ಸೇತುವೆ ಕಟ್ಟಲು ರೈಲ್ವೆಯ ಒಪ್ಪಿಗೆ. ಖರ್ಚೂ ಹಾಗೆಯೇ ಏರಿತು. ಇದು ಸರ್ಕಾರಿ–ಖಾಸಗಿ ಪಾಲುದಾರಿಕೆಯ ಯೋಜನೆ. ಖಾಸಗಿ ಸಮೂಹದ್ದು 74 ಪಾಲು, ಎಂಎಂಆರ್‌ಡಿಎಯದ್ದು 26 ಪಾಲು, ನಿರ್ಮಾಣವೂ ಸೇರಿ ಒಟ್ಟು 35 ವರ್ಷದ ಒಪ್ಪಂದ. ಆರಂಭದ ಅಂದಾಜು 2,356 ಕೋಟಿ ರೂಪಾಯಿ. ಕೊನೆಗೆ ಕಂಪನಿ ಹೇಳಿದ ಲೆಕ್ಕ 4,321 ಕೋಟಿ, ಎಂಎಂಆರ್‌ಡಿಎ ಅದನ್ನು ಒಪ್ಪಲಿಲ್ಲ. ಟಿಕೆಟ್ ದರದ ಜಗಳವೂ ಇದಕ್ಕೆ ಅಂಟಿಕೊಂಡಿದೆ. ಒಪ್ಪಂದದಲ್ಲಿ ಬರೆದಿದ್ದದ್ದು 9, 11, 13 ರೂಪಾಯಿ. ಯೋಜನೆ ಹುಟ್ಟಿದ್ದು 1886ರ ಟ್ರಾಮ್ ಕಾಯ್ದೆಯ ಕೆಳಗೆ, ಆಮೇಲೆ ಕೇಂದ್ರದ ಮೆಟ್ರೋ ಕಾಯ್ದೆಗೆ ಬಂತು. ಕಾಯ್ದೆ ಬದಲಾದಾಗ ದರ ನಿಗದಿ ಮಾಡುವ ಅಧಿಕಾರ ಯಾರದ್ದು ಎಂಬ ಪ್ರಶ್ನೆಯೂ ಎದ್ದಿತು, ಬಾಂಬೆ ಹೈಕೋರ್ಟ್‌ವರೆಗೆ ಹೋಯಿತು.

ಈ ಅನುಭವ ಮುಂದಿನ ಮಾರ್ಗಗಳ ದಿಕ್ಕನ್ನೇ ಬದಲಿಸಿತು. ಇದೇ ಪಾಲುದಾರಿಕೆ ಮಾದರಿಯಲ್ಲಿ ಕೊಟ್ಟಿದ್ದ ಚಾರ್ಕೋಪ್–ಬಾಂದ್ರಾ–ಮಾನ್‌ಖುರ್ದ್ ಎರಡನೇ ಮಾರ್ಗದ ಒಪ್ಪಂದ 2014ರಲ್ಲಿ ರದ್ದಾಯಿತು. ಅದನ್ನು 2ಎ, 2ಬಿ ಎಂದು ಒಡೆದು, ಖಾಸಗಿ ಪಾಲುದಾರರಿಲ್ಲದೆ ಎಂಎಂಆರ್‌ಡಿಎ ಮೂಲಕವೇ ಕಟ್ಟಿಸಿದರು. ದಹಿಸರ್‌ನಿಂದ ಬರುವ 2ಎ ಮತ್ತು 7ನೇ ಮಾರ್ಗಗಳ ಮೊದಲ ಹಂತ 2022ರ ಏಪ್ರಿಲ್ 2ರ ಯುಗಾದಿಗೆ ತೆರೆಯಿತು, ಉಳಿದದ್ದು 2023ರ ಜನವರಿಯಲ್ಲಿ. ಆ ಎರಡು ಮಾರ್ಗಗಳ ಬೋಗಿಗಳು ನಮ್ಮ ಬೆಂಗಳೂರಿನ ಬೆಮೆಲ್ ಕಾರ್ಖಾನೆಯವು, ಮಕ್ಕಳಿಗೆ ತಪ್ಪದೆ ಹೇಳಿ. ಒಂದನೇ ಮಾರ್ಗದ 4 ಬೋಗಿಯ 16 ಗಾಡಿಗಳು ಚೀನಾದ ನಾನ್‌ಜಿಂಗ್‌ನಿಂದ ಬಂದವು.

ಗರ್ಡರ್_ಲೆಕ್ಕ:

ಕಟ್ಟುವ ವಿಧಾನ ನಾನು ಬರೆಯುತ್ತೇನೆ. ಅಳತೆಗಳು ಮಾರ್ಗದಿಂದ ಮಾರ್ಗಕ್ಕೆ, ಕಂಬದಿಂದ ಕಂಬಕ್ಕೆ ಬದಲಾಗುತ್ತವೆ. ಕೆಳಗಿರುವುದು ಮುಂಬೈ, ಪುಣೆ ಕಡೆಯ ಮೆಟ್ರೋ ಕೆಲಸದಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ.

ಮೊದಲ ಕೆಲಸ ಗುದ್ದಲಿಯದ್ದು, ಯಂತ್ರದ್ದಲ್ಲ. ಕಂಬ ಬರುವ ಜಾಗದಲ್ಲಿ ಒಂದೂವರೆ, ಎರಡು ಮೀಟರ್ ಆಳಕ್ಕೆ ಕೈಯಿಂದಲೇ ಗುಂಡಿ ತೋಡಿ ನೋಡುತ್ತಾರೆ. ಕುಡಿಯುವ ನೀರಿನ ಕೊಳವೆ, ಚರಂಡಿ, ಹೈ ಟೆನ್ಷನ್ ಕೇಬಲ್, ಗ್ಯಾಸ್ ಪೈಪು, ಟೆಲಿಫೋನ್ ಕೇಬಲ್ ಎಲ್ಲಿವೆ ಎಂದು ನಕಾಶೆಯನ್ನು ನಂಬಿ ಡ್ರಿಲ್ ಇಳಿಸುವಂತಿಲ್ಲ. ಹಳೇ ಊರಿನಲ್ಲಿ ನಕಾಶೆಗೂ ನೆಲಕ್ಕೂ ಹೊಂದಿಕೆಯಾಗುವುದು ಅಪರೂಪ. ದೊಡ್ಡ ಕೊಳವೆ ಸಿಕ್ಕಿದರೆ ಒಂದೋ ಅದನ್ನು ಸರಿಸಬೇಕು, ಇಲ್ಲವೇ ಕಂಬವನ್ನೇ ಸರಿಸಬೇಕು. ಕಂಬ ಎರಡು ಮೀಟರ್ ಸರಿದರೆ ಅದರ ಎಡ ಬಲದ ಎರಡೂ ಸ್ಪ್ಯಾನುಗಳ, ಅಂದರೆ ಕಂಬದಿಂದ ಕಂಬಕ್ಕೆ ಚಾಚಿದ ಸೇತುವೆ ಭಾಗಗಳ, ಉದ್ದ ಬದಲಾಗುತ್ತದೆ, ಅಂದರೆ ಎರಡಕ್ಕೂ ಡ್ರಾಯಿಂಗ್ ಹೊಸದಾಗಿ ಆಗಬೇಕು. ರಸ್ತೆಯಲ್ಲಿ ಬೇಲಿ ಹಾಕಿ ತಿಂಗಳುಗಟ್ಟಲೆ ಏನೂ ಮಾಡದಂತೆ ಕಾಣುವುದು ಬಹಳ ಸಲ ಈ ಹಂತದಲ್ಲೇ.

ಆಮೇಲೆ ಪೈಲ್, ಅಂದರೆ ಕಂಬದ ಭಾರ ಹೊರಲು ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಾಲು. ಒಂದು ಮೀಟರಿನಿಂದ ಒಂದೂವರೆ ಮೀಟರ್ ವ್ಯಾಸದ ರಂಧ್ರ ಕೊರೆದು, ಗಟ್ಟಿ ಬಂಡೆಯೊಳಗೆ ಸ್ವಲ್ಪ ದೂರ ಹೋಗಿ ನಿಲ್ಲಿಸುತ್ತಾರೆ. ಮುಂಬೈಯ ತೊಡಕು ಎಂದರೆ ಬಂಡೆ ಒಂದೇ ಮಟ್ಟದಲ್ಲಿ ಸಿಗುವುದಿಲ್ಲ. ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್ ಸುಮಾರು 61 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತ ಕಪ್ಪು ಬಸಾಲ್ಟ್. ಅಲ್ಲಿಂದ ವರ್ಸೋವಾ ಖಾಡಿ (ಕಡಲ ಹಿನ್ನೀರು) ಕಡೆ ಹೋದರೆ ಮೆತ್ತನೆಯ ಕೆಸರು ಮಣ್ಣು. ಹಾಗಾಗಿ ಪ್ರತಿ ಕಂಬದ ಜಾಗದಲ್ಲೂ ಬೇರೆಯಾಗಿ ಬೋರ್ ಹಾಕಿ ಮಾದರಿ ತೆಗೆಯಬೇಕು, ಪಕ್ಕದ ಕಂಬದ ಲೆಕ್ಕವನ್ನು ಇಲ್ಲಿಗೆ ತಂದರೆ ಕೆಟ್ಟಿತು. ರಂಧ್ರದ ತಳದಲ್ಲಿ ಕೊರೆದ ಪುಡಿ, ರಾಡಿ ಉಳಿದರೂ ತೊಂದರೆ. ಕಾಂಕ್ರೀಟ್ ಬಂಡೆಯ ಮೇಲೆ ಕೂರದೆ ರಾಡಿಯ ಮೇಲೆ ಕೂರುತ್ತದೆ, ಆಮೇಲೆ ಕಂಬ ಕುಸಿಯುತ್ತದೆ. ಅದಕ್ಕೇ ತಳ ತೊಳೆದು, ಉದ್ದನೆಯ ಕೊಳವೆಯನ್ನು ತಳದವರೆಗೆ ಇಳಿಸಿ, ಕಾಂಕ್ರೀಟನ್ನು ಕೆಳಗಿನಿಂದ ಮೇಲಕ್ಕೆ ತುಂಬಿಸುವುದು. ಕೊಳವೆಯ ಬಾಯಿ ಯಾವಾಗಲೂ ಕಾಂಕ್ರೀಟಿನೊಳಗೇ ಮುಳುಗಿರಬೇಕು. ಒಮ್ಮೆ ಹೊರಬಂತೆಂದರೆ ಕೆಸರು ನೀರು ಒಳಗೆ ಸೇರಿ ಪೈಲಿನ ನಡುವೆ ಸಂದು ಬೀಳುತ್ತದೆ. ಪೈಲುಗಳ ತಲೆ ಸೇರಿಸಿ ಪೈಲ್ ಕ್ಯಾಪ್, ಅದರ ಮೇಲೆ ಕಂಬ, ಕಂಬದ ಮೇಲೆ ಟೋಪಿಯ ಹಾಗೆ ಪಿಯರ್ ಕ್ಯಾಪ್.

ಈಗ ನಿಮ್ಮ ಮುಖ್ಯ ಪ್ರಶ್ನೆ, ವಾಹನ ಓಡುತ್ತಿರುವಾಗಲೇ ಮೇಲೆ ಕಟ್ಟುವುದು. ಗುಟ್ಟೇನೆಂದರೆ ಸೇತುವೆಯನ್ನು ಅಲ್ಲಿ ಕಟ್ಟುವುದೇ ಇಲ್ಲ, ಊರ ಹೊರಗಿನ ಕಾಸ್ಟಿಂಗ್ ಯಾರ್ಡಿನಲ್ಲಿ ತುಂಡು ತುಂಡಾಗಿ ಎರಕ ಹೊಯ್ದು ತರುತ್ತಾರೆ. ಒಂದು ತುಂಡು ಸುಮಾರು 3 ಮೀಟರ್ ಉದ್ದ, 35ರಿಂದ 45 ಟನ್ ತೂಕ. 28 ಮೀಟರಿನ ಒಂದು ಸ್ಪ್ಯಾನಿಗೆ ಇಂಥ ಒಂಬತ್ತು, ಹತ್ತು ತುಂಡು ಬೇಕು. ಎರಕ ಹೊಯ್ಯುವಾಗ ಮೊದಲ ತುಂಡಿನ ಮುಖವನ್ನೇ ಎರಡನೆಯದಕ್ಕೆ ಅಚ್ಚಾಗಿ ಇಡುತ್ತಾರೆ, ಎರಡನೆಯದು ಮೂರನೆಯದಕ್ಕೆ. ಹೀಗಾಗಿ ಒಂದರ ಪಕ್ಕಕ್ಕೆ ಅದರದ್ದೇ ಜೋಡಿ ಮಾತ್ರ ಸರಿಯಾಗಿ ಕೂರುತ್ತದೆ. ಪ್ರತಿ ತುಂಡಿನ ಮೇಲೂ ನಂಬರು ಇರುತ್ತದೆ, ಲಾರಿಗೆ ಹತ್ತಿಸುವಾಗ ಕ್ರಮ ತಪ್ಪಿದರೆ ಆ ರಾತ್ರಿಯ ಕೆಲಸ ನಿಂತಂತೆಯೇ.

ಎರಡು ಕಂಬಗಳ ಮೇಲೆ ಉಕ್ಕಿನ ಉದ್ದನೆಯ ಲಾಂಚಿಂಗ್ ಗರ್ಡರ್ (ತುಂಡುಗಳನ್ನು ಹೊರುವ ತೊಲೆ) ಕೂತಿರುತ್ತದೆ. ರಾತ್ರಿ ಒಂದೊಂದೇ ತುಂಡನ್ನು ಲಾರಿಯಿಂದ ಎತ್ತಿ ಅದಕ್ಕೆ ತೂಗುಹಾಕುತ್ತಾರೆ. ಎಲ್ಲ ಬಂದ ಮೇಲೆ ಎದುರು ಬದುರು ಮುಖಗಳಿಗೆ ಎಪಾಕ್ಸಿ ಅಂಟು ಬಳಿದು, ತಾತ್ಕಾಲಿಕ ಸರಳುಗಳಿಂದ ಬಿಗಿದು ಒತ್ತುತ್ತಾರೆ. ಸಂದಿಯ ಸುತ್ತಲೂ ಅಂಟು ಒಂದೇ ಸಮನೆ ಹಣೆಯ ಬೆವರಿನ ಹಾಗೆ ಜಿನುಗಬೇಕು. ಜಿನುಗದ ಕಡೆ ಒಳಗೆ ಅಂಟು ಸಾಲದು ಎಂದು ಅರ್ಥ. ಆಮೇಲೆ ತುಂಡುಗಳೊಳಗೆ ಮೊದಲೇ ಬಿಟ್ಟಿರುವ ಕೊಳವೆಗಳಲ್ಲಿ ಉಕ್ಕಿನ ತಂತಿ ಕಟ್ಟು ತೂರಿಸುತ್ತಾರೆ. 15.2 ಮಿ.ಮೀ. ದಪ್ಪದ ಒಂದೊಂದು ಎಳೆಯಲ್ಲೂ ಏಳು ತಂತಿ ಹೊಸೆದಿರುತ್ತದೆ, ಇಂಥ 19 ಎಳೆ ಸೇರಿ ಒಂದು ಕಟ್ಟು ಎಂದಿಟ್ಟುಕೊಳ್ಳಿ. ಹೈಡ್ರಾಲಿಕ್ ಜ್ಯಾಕ್ ಹಾಕಿ ಅದನ್ನು ಎಳೆಯುವ ಬಲ ಸುಮಾರು 370–380 ಟನ್. 28 ಮೀಟರಿನ ತಂತಿ ಆಗ ಸುಮಾರು 19–20 ಸೆಂ.ಮೀ. ಹಿಗ್ಗುತ್ತದೆ. ಮಕ್ಕಳಿಗೆ ಇದು ಖಂಡಿತ ಹಿಡಿಸುತ್ತದೆ, ಒಂದು ಗೇಣು ಉದ್ದದ ಹಿಗ್ಗು!

ಎಂಜಿನಿಯರು ಜ್ಯಾಕಿನ ಮೀಟರನ್ನಷ್ಟೇ ನೋಡುವುದಿಲ್ಲ, ಹಿಗ್ಗಿದ್ದನ್ನು ಅಳತೆ ಪಟ್ಟಿ ಹಿಡಿದು ಅಳೆಯುತ್ತಾರೆ. ಲೆಕ್ಕಕ್ಕಿಂತ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಲಸ ನಿಲ್ಲಬೇಕು. ಕಡಿಮೆ ಹಿಗ್ಗಿದರೆ ಕೊಳವೆಯೊಳಗೆ ಸಿಮೆಂಟ್ ನುಗ್ಗಿ ತಂತಿ ಸಿಕ್ಕಿಕೊಂಡಿರಬಹುದು, ಹೆಚ್ಚು ಹಿಗ್ಗಿದರೆ ತಂತಿಯನ್ನು ತುದಿಯಲ್ಲಿ ಹಿಡಿಯುವ ಬೆಣೆಯಲ್ಲಿ ಅದು ಜಾರಿರಬಹುದು. ಎಳೆದು ಬಿಗಿದ ಮೇಲೆ ಕೊಳವೆಗೆ ಸಿಮೆಂಟ್ ಹಾಲು ತುಂಬಿಸುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ನಿಗಾ ಬೇಕಾದದ್ದು ಇಲ್ಲಿ, ಯಾಕೆಂದರೆ ಒಳಗೆ ಗಾಳಿ ಉಳಿದದ್ದು ಹೊರಗೆ ಕಾಣುವುದಿಲ್ಲ. ಸಮುದ್ರದ ಉಪ್ಪು ಗಾಳಿಯ ಊರಿನಲ್ಲಿ ಆ ಖಾಲಿ ಜಾಗಕ್ಕೆ ತೇವ ಸೇರಿದರೆ ತಂತಿ ಒಳಗೊಳಗೇ ತುಕ್ಕು ಹಿಡಿಯುತ್ತದೆ.

ಕೊನೆಗೆ ಇಡೀ ಸ್ಪ್ಯಾನನ್ನು ಬೇರಿಂಗುಗಳ (ಕಂಬಕ್ಕೂ ಸ್ಪ್ಯಾನಿಗೂ ನಡುವಿನ ಮೆತ್ತೆಗಳ) ಮೇಲೆ ಇಳಿಸಿ, ಲಾಂಚಿಂಗ್ ಗರ್ಡರ್ ತಾನೇ ಮುಂದಿನ ಕಂಬಕ್ಕೆ ಜಾರುತ್ತದೆ. ಎಲ್ಲ ಹೊಂದಿ ಬಂದರೆ ಒಂದು ಸ್ಪ್ಯಾನಿಗೆ ಮೂರು, ನಾಲ್ಕು ದಿನ.

ಮುಂಬೈಯ ಹೊಸ ಮಾರ್ಗಗಳಲ್ಲಿ ಹಲವು ಕಡೆ ಇದರ ಬದಲು ಯು ಆಕಾರದ ಗರ್ಡರ್ ಬಳಸಿದ್ದಾರೆ. ಒಂದೊಂದು ಹಳಿಗೂ ಒಂದೊಂದು ತೊಟ್ಟಿ ಇದ್ದ ಹಾಗೆ, ಇಡೀ ಉದ್ದವೂ ಒಂದೇ ತುಂಡು. ಎರಡು ದೊಡ್ಡ ಕ್ರೇನ್ ಹಿಡಿದು ಒಂದೇ ರಾತ್ರಿಯಲ್ಲಿ ಎತ್ತಿ ಕೂರಿಸಬಹುದು. ಆದರೆ ಅಷ್ಟುದ್ದದ ಟ್ರೇಲರ್ ತಿರುಗುವಷ್ಟು ರಸ್ತೆ ಅಗಲ ಬೇಕು. ಜೆ.ಪಿ. ರಸ್ತೆಯಂಥ ಕಡೆ ಅದು ಕಷ್ಟ.

ಅಂಧೇರಿ_ತರಗತಿ:

ಗರ್ಡರ್ ಸರ್, ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಹೈವೇ ಮೇಲಿನ ಕೇಬಲ್ ಸೇತುವೆಯ ವಿಷಯ ಉಳಿಯಿತು. ಇನ್ನೊಂದು, ಮಳೆ ನಿಂತು ಗಂಟೆಯಾದರೂ ಕೆಲವು ಕಂಬಗಳ ಹತ್ತಿರ ಮೇಲಿಂದ ನೀರು ಬೀಳುತ್ತಲೇ ಇರುತ್ತದಲ್ಲ, ಅದು ಸೇತುವೆ ಸೋರುವುದೇ? ಮಕ್ಕಳು ಕೇಳಿಯೇ ಕೇಳುತ್ತಾರೆ.

ಗರ್ಡರ್_ಲೆಕ್ಕ:

ಸೋರುವುದಲ್ಲ. ಮೇಲೆ ಬಿದ್ದ ಮಳೆ ನೀರು ಹಳಿಯ ಪಕ್ಕದ ಕಾಲುವೆಯಲ್ಲಿ ಹರಿದು, ಕಂಬಕ್ಕೆ ಹೊಂದಿಸಿದ ಪೈಪಿನಲ್ಲಿ ನೆಲದ ಚರಂಡಿಗೆ ಇಳಿಯಬೇಕು. ಎಲೆ, ಧೂಳು, ಪ್ಲಾಸ್ಟಿಕ್ ಸೇರಿ ಆ ಪೈಪಿನ ಬಾಯಿ ಕಟ್ಟಿದರೆ ನೀರು ಎರಡು ಸ್ಪ್ಯಾನುಗಳ ನಡುವಿನ ಸಂದಿನಿಂದ ಕೆಳಗೆ ಬೀಳುತ್ತದೆ. ಸಂದು ಇರಲೇಬೇಕು, ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ. 28 ಮೀಟರ್ ಉದ್ದಕ್ಕೆ 20 ಡಿಗ್ರಿ ಏರಿಳಿತವಾದರೆ 6–7 ಮಿ.ಮೀ. ಚಲನೆ. ಸಂದಿನಲ್ಲಿ ರಬ್ಬರ್ ಪಟ್ಟಿ ಇರುತ್ತದೆ, ಅದು ಹರಿದಿದ್ದರೂ ನೀರು ಬೀಳುತ್ತದೆ. ರಸ್ತೆಗೆ ಬೀಳುವುದು ದಾರಿಹೋಕರಿಗೆ ಕಿರಿಕಿರಿ, ಸೇತುವೆಗೆ ಅಪಾಯ ಬೇರೆಯೇ: ಅದೇ ನೀರು ಬೇರಿಂಗಿನ ಮೇಲೆ ನಿಲ್ಲುತ್ತದೆ. ಮಳೆಗಾಲಕ್ಕೆ ಮುಂಚೆ ಪೈಪು ಶುಚಿ ಮಾಡಿದರೆ ಅರ್ಧಕ್ಕರ್ಧ ತೊಂದರೆ ತಪ್ಪುತ್ತದೆ.

ಕೇಬಲ್ ಸೇತುವೆ: ಅಂಧೇರಿ–ಕುರ್ಲಾ ರಸ್ತೆಯ ಮೇಲೆ ಹೈವೇಯ ಫ್ಲೈಓವರ್ ಮೊದಲೇ ಇತ್ತು. ಮೆಟ್ರೋ ಅದನ್ನೂ ದಾಟಿ ಮೇಲೆ ಹೋಗಬೇಕಾಯಿತು. ಹೈವೇ ನಡುವೆ ಕಂಬ ನೆಡಲು ಎಡೆಯಿಲ್ಲ, ಕೆಳಗಿನಿಂದ ಆಧಾರ ಕೊಟ್ಟು ಎರಕ ಹೊಯ್ಯಲು ವಾಹನ ನಿಲ್ಲಿಸುವಂತಿಲ್ಲ. ಸಾದಾ ಗರ್ಡರಿನಲ್ಲಿ ಅಷ್ಟು ಉದ್ದ ದಾಟಿಸಬೇಕೆಂದರೆ ಗರ್ಡರ್ ಬಹಳ ದಪ್ಪವಾಗುತ್ತದೆ. ಗರ್ಡರ್ ಒಂದು ಮೀಟರ್ ದಪ್ಪವಾದರೆ ಹಳಿಯೂ ಒಂದು ಮೀಟರ್ ಮೇಲೇರಬೇಕು, ಅದರ ಜೊತೆಗೆ ಪಕ್ಕದ ನಿಲ್ದಾಣವೂ. ಕೇಬಲ್ ಹಾಕಿ ಮೇಲಿನಿಂದ ಹಿಡಿದುಕೊಂಡರೆ ಗರ್ಡರ್ ತೆಳುವಾಗಿಯೇ ಉಳಿಯುತ್ತದೆ. ಅದು ಅಂದಕ್ಕಾಗಿ ಮಾಡಿದ್ದಲ್ಲ ಎಂದು ಮಕ್ಕಳಿಗೆ ತಿಳಿಯಲಿ.

ಅಂಧೇರಿಯಲ್ಲಿ ಪಶ್ಚಿಮ ರೈಲ್ವೆಯನ್ನು ದಾಟುವ ಕಡೆ ಉಕ್ಕಿನ ಸೇತುವೆ. ಉಕ್ಕು ಹಗುರ, ಭಾಗಗಳನ್ನು ಬೇರೆಡೆ ತಯಾರಿಸಿ ತಂದು ಜೋಡಿಸಬಹುದು. ಕೆಳಗೆ 25,000 ವೋಲ್ಟಿನ ತಂತಿ. ಲೋಕಲ್ ನಿಲ್ಲುವುದು ರಾತ್ರಿ ಸುಮಾರು 1ರಿಂದ 4ರವರೆಗೆ. ಅದರಲ್ಲಿ ವಿದ್ಯುತ್ ತೆಗೆದು, ತಂತಿಗೆ ಅರ್ಥಿಂಗ್ ಕೊಟ್ಟು, ಕೊನೆಗೆ ಸಾಮಾನು ತೆರವು ಮಾಡಿ ಮತ್ತೆ ವಿದ್ಯುತ್ ಕೊಡುವ ಹೊತ್ತು ಕಳೆದರೆ ಕೈಗೆ ಉಳಿಯುವುದು ಎರಡು ಗಂಟೆ. ಬ್ಲಾಕ್ (ರೈಲು ನಿಲ್ಲಿಸಿ ಕೆಲಸಕ್ಕೆ ಹಳಿ ಬಿಟ್ಟುಕೊಡುವುದು) ಸಿಗದ ರಾತ್ರಿ ಅದೂ ಇಲ್ಲ.

ಡಾಕ್‌ಯಾರ್ಡ್_ಕಡೆಯವ:

‘ಮೊದಲ ಎತ್ತರಿಸಿದ ಮಾರ್ಗ’ ಎಂದು ದಯವಿಟ್ಟು ಹೇಳಬೇಡಿ. ಮೊನೋರೈಲೇ ಅದಕ್ಕಿಂತ ನಾಲ್ಕು ತಿಂಗಳು ಮುಂಚೆ, 2014ರ ಫೆಬ್ರವರಿಯಲ್ಲಿ ವಡಾಲಾ–ಚೆಂಬೂರ್ ನಡುವೆ ಓಡಲು ಶುರುವಾಗಿತ್ತು. ನಿಜವಾದ ಹಿರಿಯ ಇರುವುದು ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ. ಅಲ್ಲಿ ಕೆಳಗೆ ಮೇನ್ ಲೈನ್ ಪ್ಲಾಟ್‌ಫಾರಂ, ಅದರ ಮೇಲಂತಸ್ತಿನಲ್ಲಿ ಬಂದರು ಕಡೆಯ ಲೋಕಲ್ ಮಾರ್ಗವಾದ ಹಾರ್ಬರ್ ಲೈನ್ ಪ್ಲಾಟ್‌ಫಾರಂ. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಬೋರಿಬಂದರಿನಿಂದ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ಓಡಿತು, 1,500 ವೋಲ್ಟ್ ಡಿಸಿಯಲ್ಲಿ. ಆಗಲೇ ಮನೆಗಳ ನಡುವೆ ಕಬ್ಬಿಣದ ಕಂಬಗಳ ಮೇಲೆ ರೈಲು ಹೋಗುತ್ತಿತ್ತು.

ಹಾರ್ಬರ್ ಮಾರ್ಗವನ್ನು 25,000 ವೋಲ್ಟ್ ಎಸಿಗೆ ಬದಲಿಸಿದ್ದು 2016ರ ಏಪ್ರಿಲ್‌ನಲ್ಲಿ. ವೋಲ್ಟೇಜ್ ಏರಿದರೆ ತಂತಿಗೂ ಮೇಲಿನ ಸೇತುವೆಗೂ ನಡುವೆ ಹೆಚ್ಚು ಅಂತರ ಬೇಕು. ದಕ್ಷಿಣ ಮುಂಬೈಯ ತಗ್ಗಾದ ಹಳೇ ರಸ್ತೆ ಸೇತುವೆಗಳು ಅಲ್ಲಿ ಅಡ್ಡ ಬಂದವು. ಸ್ಯಾಂಡ್‌ಹರ್ಸ್ಟ್ ರೋಡ್ ಪಕ್ಕದ ಹ್ಯಾಂಕಾಕ್ ಸೇತುವೆಯನ್ನು ಅದೇ ವರ್ಷದ ಜನವರಿಯಲ್ಲಿ ಒಡೆದು ತೆಗೆದರು. ಮೆಟ್ರೋ ಒಂದನೇ ಮಾರ್ಗಕ್ಕೆ ಮೊದಲಿನಿಂದಲೂ 25,000 ವೋಲ್ಟ್ ಎಸಿ ಇದೆ, ಹಳಿಯ ಅಗಲ 1,435 ಮಿ.ಮೀ. ಲೋಕಲ್‌ನದು 1,676. ಅಗಲ ಕಡಿಮೆಯಾದರೆ ಬಿಗಿಯಾದ ತಿರುವುಗಳು ಸಾಧ್ಯ. ಊರಿನ ರಸ್ತೆಯ ಮೇಲೆ ಹೋಗುವ ಮಾರ್ಗಕ್ಕೆ ಅದು ಬೇಕೇ ಬೇಕು.

ಸಾಕಿನಾಕಾ_ಸಿಗ್ನಲ್:

ಹೊರಡುವ ಕ್ರಮದ ಬಗ್ಗೆ ಒಂದೆರಡು ಮಾತು. ರವಿವಾರ ಬೆಳಿಗ್ಗೆ ವರ್ಸೋವಾದಿಂದಲೇ ಹತ್ತಿ. ಮೊದಲ ನಿಲ್ದಾಣವಾದ್ದರಿಂದ ಎಲ್ಲರೂ ಒಂದೇ ಬೋಗಿಯಲ್ಲಿ ಕೂರಬಹುದು. ತುದಿಯಿಂದ ತುದಿಗೆ 21 ನಿಮಿಷ ಮಾತ್ರ, ಮಾತು ಮುಗಿಯುವುದಿಲ್ಲ. ಆದ್ದರಿಂದ ಮೂರು ಕಡೆ ಇಳಿಯಿರಿ.

ಮೊದಲು ಡಿ.ಎನ್. ನಗರ. ಇಲ್ಲಿ 2ಎ ಮಾರ್ಗದ ಅಂಧೇರಿ ವೆಸ್ಟ್ ನಿಲ್ದಾಣಕ್ಕೆ ಮೇಲಿಂದಲೇ ದಾರಿ ಇದೆ, ಹಳೆಯ ಹೊಸ ಗರ್ಡರುಗಳ ವ್ಯತ್ಯಾಸವನ್ನು ಅಕ್ಕಪಕ್ಕದಲ್ಲೇ ತೋರಿಸಬಹುದು. ಒಂದನೇ ಮಾರ್ಗದ ಡಿಪೋ ಇರುವುದೂ ಇಲ್ಲೇ, ನೆಲಮಟ್ಟದಲ್ಲಿ. ಮೇಲಿನ ಹಳಿ ಸುಮಾರು 12–13 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಮೆಟ್ರೋ ಏರಬಲ್ಲ ಕಡಿದಾದ ಇಳಿಜಾರು ನೂರಕ್ಕೆ ನಾಲ್ಕು. ಹಾಗಾದರೆ ನೆಲದಿಂದ ಮೇಲೆ ಬರಲು ಎಷ್ಟು ಉದ್ದ ಬೇಕು ಎಂದು ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಿ, 300 ಮೀಟರಿನ ಮೇಲೆ ಬರುತ್ತದೆ. ಊರೊಳಗೆ ಡಿಪೋಗೆ ಜಾಗ ಹುಡುಕುವುದು ಯಾಕೆ ಕಷ್ಟ ಎಂದು ಆಗ ತಾನೇ ತಿಳಿಯುತ್ತದೆ.

ಆಮೇಲೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ನಿಲ್ದಾಣ. 7ನೇ ಮಾರ್ಗದ ಗುಂದವಲಿ ಕಡೆಗೆ ಹೋಗುವ ಪಾದಚಾರಿ ಸೇತುವೆ ಮೇಲೆ ನಿಂತರೆ ರಸ್ತೆ, ಫ್ಲೈಓವರ್, ಮೆಟ್ರೋ ಮೂರೂ ಮಟ್ಟ ಗೊತ್ತಾಗುತ್ತವೆ. 7ನೇ ಮಾರ್ಗ ಹೈವೇ ಉದ್ದಕ್ಕೂ ಎತ್ತರದಲ್ಲೇ ಬಂದು ಇಲ್ಲಿ ನಿಲ್ಲುತ್ತದೆ. ವಿಮಾನ ನಿಲ್ದಾಣದ ಕಡೆಗೆ ಅದರ ಮುಂದುವರಿಕೆಯಾದ 7ಎ ಬಹುಪಾಲು ನೆಲದಡಿಗೆ ಇಳಿಯುತ್ತದೆ.

ಮೂರನೆಯದು ಮರೋಳ್ ನಾಕಾ. ಇಲ್ಲಿ ತಲೆಯ ಮೇಲೆ ಒಂದನೇ ಮಾರ್ಗ, ಕಾಲಡಿಯಲ್ಲಿ 3ನೇ ಮಾರ್ಗದ ಸುರಂಗ. ಎತ್ತರದ ಮಾರ್ಗ ಯಾಕೆ, ಎಲ್ಲವನ್ನೂ ನೆಲದಡಿಯೇ ಹಾಕಬಾರದಿತ್ತೇ ಎಂದು ಯಾರಾದರೂ ಕೇಳಿದರೆ ಇಲ್ಲೇ ಉತ್ತರ ಕೊಡಿ: 2ಎ ಮಾರ್ಗದ 18.6 ಕಿ.ಮೀ.ಗೆ ಮಂಜೂರಾದದ್ದು ಸುಮಾರು 6,400 ಕೋಟಿ, 3ನೇ ಮಾರ್ಗದ 33.5 ಕಿ.ಮೀ.ಗೆ 37,000 ಕೋಟಿಗೂ ಹೆಚ್ಚು. ಕಿಲೋಮೀಟರಿಗೆ ಭಾಗಿಸಿದರೆ ಮೂರು ಪಟ್ಟು. ಆದರೆ ಎತ್ತರದ ಮಾರ್ಗಕ್ಕೆ ಊರು ಬೇರೆ ಬೆಲೆಯನ್ನೂ ಕೊಡುತ್ತದೆ, ಅದನ್ನು ಮುಚ್ಚಿಡಬೇಡಿ. ಎರಡನೇ ಮಹಡಿಯ ಕಿಟಕಿಗೆ ನೇರವಾಗಿ ಗಾಡಿ ಬರುತ್ತದೆ. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜಿ ಕೀರಲು ಸದ್ದು ಏಳುತ್ತದೆ. ಹಳಿಯ ಮೈಯಲ್ಲಿ ಸಣ್ಣ ಅಲೆ ಅಲೆ ಸವಕಲು ಬಿದ್ದರೆ ನೇರ ದಾರಿಯಲ್ಲೂ ಗುಂಯ್ ಎನ್ನುತ್ತದೆ. ಮೊದಲನೆಯದಕ್ಕೆ ಹಳಿಯ ಪಕ್ಕಕ್ಕೆ ಗ್ರೀಸ್ ಸವರುವ ಸಾಧನ, ಎರಡನೆಯದಕ್ಕೆ ಹಳಿ ಉಜ್ಜಿ ನಯ ಮಾಡುವ ಗಾಡಿ. ಎರಡನ್ನೂ ತಡ ಮಾಡದೆ ಮಾಡಿದರೆ ಅಕ್ಕಪಕ್ಕದವರು ನಿದ್ದೆ ಮಾಡಬಹುದು.

ಘಾಟ್ಕೋಪರ್‌ನಲ್ಲಿ ಇಳಿದ ಮೇಲೆ ಐದು ನಿಮಿಷ ಪ್ಲಾಟ್‌ಫಾರಂ ಬಿಡಬೇಡಿ. ಬಂದ ಗಾಡಿ ತಿರುಗುವುದಿಲ್ಲ. ಚಾಲಕರು ಇಳಿದು ಇನ್ನೊಂದು ತುದಿಯ ಕ್ಯಾಬಿನ್‌ಗೆ ಹೋಗುತ್ತಾರೆ, ಇಲ್ಲವೇ ಆ ತುದಿಯಲ್ಲಿ ಇನ್ನೊಬ್ಬ ಚಾಲಕರು ಕಾದಿರುತ್ತಾರೆ. ಹೊರಡುವಾಗ ಅದು ಕತ್ತರಿಯಾಕಾರದ ಹಳಿ ಬದಲಾವಣೆ ದಾಟಿ ತನ್ನ ಸಾಲಿಗೆ ಸೇರುತ್ತದೆ. ಅಲ್ಲಿ ಒಂದು ಗಾಡಿ ದಾಟುವವರೆಗೆ ಮುಂದಿನದು ಒಳಗೆ ಬರುವಂತಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಮೂರು, ನಾಲ್ಕು ನಿಮಿಷಕ್ಕೊಂದು ಗಾಡಿ ಬಿಡುತ್ತಾರಲ್ಲ, ಅದನ್ನು ಎರಡು ನಿಮಿಷಕ್ಕೆ ಇಳಿಸಬೇಕೆಂದರೆ ಗಾಡಿಗಳ ಸಂಖ್ಯೆಯ ಜೊತೆಗೆ ಈ ಕತ್ತರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಕ್ಕಳ ಕೈಗೆ ಗಡಿಯಾರ ಕೊಟ್ಟು, ಗಾಡಿ ನಿಂತದ್ದರಿಂದ ಕತ್ತರಿ ದಾಟುವವರೆಗೆ ಎಷ್ಟು ಸೆಕೆಂಡು ಎಂದು ಎಣಿಸಿಸಿ.